ಟ್ಯಾಂಕರ್ ಬಂದಾಗ ಮೊದಲು ಕೋಲು ಇಳಿಸಿ

ಟ್ಯಾಂಕರ್ ಬಂದು ನಿಂತರೂ ಮನೆಯೊಳಗಿಂದಲೇ ಮೊಬೈಲ್ ಒತ್ತಿ ದುಡ್ಡು ಕಳುಹಿಸುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅರ್ಧ ಕೆಜಿ ಹುರುಳಿಕಾಯಿಯ ತೂಕಕ್ಕೆ ತಕ್ಕಡಿಯ ಮುಳ್ಳನ್ನೇ ನೋಡುತ್ತೀರಿ. ಆರು ಸಾವಿರ ಲೀಟರ್ ನೀರಿಗೆ ಮಾತ್ರ ಅಳತೆಯೇ ಬೇಡವೇ? 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರಿನವರು ಬಾಯಿಗೆ ಬಂದ ಬೆಲೆ ಹೇಳತೊಡಗಿದಾಗ ಬೆಂಗಳೂರು ನಗರ ಜಿಲ್ಲಾಡಳಿತ ದರ ಗೊತ್ತುಮಾಡಿತು. ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ, 12,000ಕ್ಕೆ 1,000 ಎಂದಿತ್ತು. ಆದರೆ ನೆಲದಡಿಯ ನೀರಿನ ತೊಟ್ಟಿಯಾದ ಸಂಪಿನೊಳಗೆ ಎಷ್ಟು ಬಿತ್ತೆಂದು ನೋಡಬೇಕಾದವರು ಮನೆಯವರೇ.

ಅದಕ್ಕೆ ನನ್ನ ಬಳಿ ಒಂದು ಬಿದಿರು ಕೋಲಿದೆ. ಸಂಪಿನ ಆಳಕ್ಕಿಂತ ಒಂದು ಮೊಳ ಉದ್ದ, ಇಂಚಿಗೊಂದು ಸಣ್ಣ ಗೀರು, ಅಡಿಗೊಂದು ದೊಡ್ಡ ಗೀರು. ಚಾಕುವಿನಲ್ಲೇ ಕೊರೆಯಿರಿ, ಬಣ್ಣ ಬಳಿಯಬೇಡಿ, ಅದು ಇಳಿಯುವುದು ಕುಡಿಯುವ ನೀರಿಗೆ. ಮೊದಲು ಮೋಟರ್ ಆರಿಸಿ, ಕಾವೇರಿ ನೀರಿನ ವಾಲ್ವ್ ಮುಚ್ಚಿ, ಇಲ್ಲದಿದ್ದರೆ ಲೆಕ್ಕ ಕೆಡುತ್ತದೆ. ಕೋಲನ್ನು ಪ್ರತಿ ಸಲವೂ ಒಂದೇ ಮೂಲೆಯಲ್ಲಿ ನೆಟ್ಟಗೆ ಇಳಿಸಿ, ಏಕೆಂದರೆ ಸಂಪಿನ ತಳಕ್ಕೆ ಇಳಿಜಾರಿರುತ್ತದೆ. ಒಣ ಬಿದಿರಿನ ನೆನೆದ ಭಾಗ ಕಪ್ಪಾಗಿ ಕಾಣುತ್ತದೆ, ಅದು ಮುಗಿಯುವ ಗೀರು ಬರೆದುಕೊಳ್ಳಿ. ನೀರು ತುಂಬಿದ ಮೇಲೆ ಅಲೆ ನಿಲ್ಲುವವರೆಗೆ ತಾಳಿ, ಕೋಲನ್ನು ಬಟ್ಟೆಯಿಂದ ಒರೆಸಿ ಮತ್ತೆ ಇಳಿಸಿ. ಎರಡು ಗೀರುಗಳ ನಡುವಿನ ಅಂತರವೇ ನೀರು ಏರಿದ ಎತ್ತರ. ನಮ್ಮ ಸಂಪು ಎಂಟು ಅಡಿ ಉದ್ದ, ಆರು ಅಡಿ ಅಗಲ. ಒಂದು ಘನ ಅಡಿಗೆ 28 ಲೀಟರ್ ಚಿಲ್ಲರೆ, ಅಂದರೆ ನೀರು ಒಂದು ಅಡಿ ಏರಿದರೆ ಸುಮಾರು 1,360 ಲೀಟರ್. ಆರು ಸಾವಿರಕ್ಕೆ ನಾಲ್ಕು ಅಡಿ ಐದು ಇಂಚು ಏರಲೇಬೇಕು. ಒಮ್ಮೆ ನಾಲ್ಕು ಅಡಿಯನ್ನೂ ಮುಟ್ಟಲಿಲ್ಲ. ಒದ್ದೆ ಗೀರನ್ನು ಚಾಲಕನಿಗೆ ತೋರಿಸಿ, ಅಷ್ಟಕ್ಕೇ ದುಡ್ಡು ಕೊಟ್ಟೆ. ಮುಂದಿನ ಸಲ ಅವನೇ, "ಅಮ್ಮಾ, ಕೋಲು ಹಾಕಿದಿರಾ?" ಎಂದು ಕೇಳಿ ಪೈಪು ಬಿಟ್ಟ.

ಇದು ನನ್ನ ಜಾಣತನವಲ್ಲ. ಕೋಲಾರದ ಕಡೆಯ ನಮ್ಮೂರಿನಲ್ಲಿ ಅಜ್ಜಿ ಬಾವಿಯ ಹಗ್ಗಕ್ಕೆ ಮಾರಿಗೊಂದು ಗಂಟು ಹಾಕಿದ್ದರು. ಶಿವರಾತ್ರಿ ಕಳೆದ ಮೇಲೆ ಎಷ್ಟನೆಯ ಗಂಟಿಗೆ ಕೊಡ ಮುಳುಗಿತು ಎಂದು ದಿನವೂ ಕೇಳುತ್ತಿದ್ದರು. ಒಂದು ಗಂಟು ಹೆಚ್ಚಿದರೆ ಅಂದಿನಿಂದ ಅಕ್ಕಿ ತೊಳೆದ ನೀರೂ ಚೆಲ್ಲುವಂತಿರಲಿಲ್ಲ, ಕರಿಬೇವಿನ ಬುಡಕ್ಕೇ ಹೋಗಬೇಕು. ನನ್ನ ಸೊಸೆ ಈಗಲೂ ಅದನ್ನು ಸಿಂಕಿಗೆ ಸುರಿಯುತ್ತಾಳೆ, ಹೇಳಿ ಸಾಕಾಗಿದೆ.

ಇನ್ನು ಪೈಪಿನ ಬಾಯಿ ರಸ್ತೆಯಲ್ಲಿ ಎಳೆದಾಡಿರುತ್ತದೆ, ತೊಳೆಯದೆ ಸಂಪಿಗೆ ಬಿಡಬೇಡಿ. ಮೊದಲ ನೀರನ್ನು ಬಕೆಟ್‌ನಲ್ಲಿ ಹಿಡಿದು ಮೂಸಿ, ಕೆಟ್ಟ ವಾಸನೆ ಇದ್ದರೆ ಅಲ್ಲಿಗೇ ನಿಲ್ಲಿಸಿ. ತೊಗರಿಬೇಳೆ ಎಷ್ಟು ಕುದಿಸಿದರೂ ಕರಗದಿದ್ದರೆ, ಸೋಪು ನೊರೆ ಬರದಿದ್ದರೆ ಅದು ಗಡಸು ನೀರು. ಪಟಿಕ ಆಡಿಸಿದರೆ ಕೆಸರು ಕೂರುತ್ತದೆ, ಗಡಸು ಹೋಗುವುದಿಲ್ಲ. ಅದನ್ನು ಬಳಕೆಗೆ ಇಟ್ಟುಕೊಂಡು ಅಡುಗೆಗೆ ಕಾವೇರಿ ನೀರನ್ನು ಬೇರೆ ಹಿಡಿದಿಡಿ.

ಕೋಲನ್ನು ಬಿಸಿಲಿಗೆ ಒಣಗಿಸಿ ಬಾಗಿಲ ಹಿಂದೆ ನಿಲ್ಲಿಸಿ. ಪೊರಕೆಯ ಪಕ್ಕದಲ್ಲಲ್ಲ!