ಪ್ರಾಸ್ಟೇಟ್ ದೊಡ್ಡದಾಗಿದೆ ಅಂತ ರಿಪೋರ್ಟ್ ಬಂದ್ರೆ ಎಂತ ಮಾಡ್ಬೇಕು

ಮೊದ್ಲು ಹೆದರಿಕೆ ಬಿಡಿ. ವಯಸ್ಸಾದ ಹಾಗೆ ಗಂಡಸರ ಈ ಗ್ರಂಥಿ ಬೆಳೀತದೆ, ಅದಕ್ಕೆ ಬಿಪಿಎಚ್ ಅಂತಾರೆ, ಆ ಬೆಳೆದದ್ದೇ ಮುಂದೆ ಕ್ಯಾನ್ಸರ್ ಆಗುದು ಅಂತ ಇಲ್ಲ. ಇದು ಬೆಳೆಯುದು ಒಳಗೆ, ಮೂತ್ರನಾಳದ ಸುತ್ತ, ಹಾಗಾಗಿ ರಾತ್ರಿ ನಾಲ್ಕು ಸಲ ಏಳುದು, ತಡೆದು ತಡೆದು ಹೋಗುದು. ಕ್ಯಾನ್ಸರ್ ಹೆಚ್ಚಾಗಿ ಹೊರಗಿನ ಭಾಗದಲ್ಲಿ ಬರುದು, ಶುರುವಿಗೆ ಒಂದು ಲಕ್ಷಣವೂ ಇರುದಿಲ್ಲ ಅನ್ಬಹುದು. ಆದ್ರೆ ಎರಡೂ ಒಬ್ಬರಿಗೇ ಇರ್ಲಿಕ್ಕೆ ಸಾಕು, ಅದೇ ಪಂಚಾತಿಕೆ.

ಕ್ಯಾನ್ಸರ್ ಸಂಶಯ ಉಂಟಾ ನೋಡ್ಲಿಕ್ಕೆ ಪಿಎಸ್‌ಎ ಅಂತ ರಕ್ತ ಪರೀಕ್ಷೆ ಉಂಟು, ನಂಬರ್ ಏರಿದ್ರೆ ಸಂಶಯ. ಅದನ್ನು ಬರೆದು ಕೊಟ್ರೆ ಹಿಂದಿನ ಎರಡು ದಿವ್ಸ ಸೈಕಲ್ ಬೇಡ, ಗಂಡ ಹೆಂಡ್ತಿ ಸೇರುದೂ ಬೇಡ. ಉರಿಮೂತ್ರ ಇದ್ರೆ ಅಥವಾ ಈಚೆಗೆ ಮೂತ್ರ ಹೋಗ್ಲಿಕ್ಕೆ ಟ್ಯೂಬ್ ಹಾಕಿದ್ರೆ ಮೊದ್ಲೇ ಹೇಳಿ, ನಂಬರ್ ಅದಕ್ಕೂ ಏರ್ತದೆ.

ಇನ್ನು ಗುಳಿಗೆ ವಿಷ್ಯ, ಇದನ್ನು ಸುಮಾರು ಜನ ಮರೀತಾರೆ. ನಮ್ಮ ಮಾವನಿಗೆ ಪಿಎಸ್‌ಎ 3.1 ಬಂತು, ಲ್ಯಾಬಿನ ಕಾಗದದಲ್ಲಿ 4ರ ಒಳಗೆ ನಾರ್ಮಲ್ ಅಂತ ಇತ್ತು, ಬದಿಯಡ್ಕದಿಂದ ಮಂಗಳೂರಿಗೆ ಬಸ್ಸಲ್ಲಿ ಹೋಗುವಾಗ ಮಾವ ಖುಷಿಯಲ್ಲೇ ಇದ್ರು. ಅಲ್ಲಿ ಡಾಕ್ಟ್ರು ಗುಳಿಗೆ ಯಾವುದು ಅಂತ ಕೇಳಿದ್ರು, ಇವ್ರು ಕಿಸೆಯಿಂದ ಎಲೆಯಡಿಕೆ ಪೊಟ್ಟಣದೊಟ್ಟಿಗೆ ಮಡಚಿದ ಸ್ಟ್ರಿಪ್ ತೆಗೆದು ಕೊಟ್ರು. ಡುಟಾಸ್ಟರೈಡ್, ಅಂದ್ರೆ ಪ್ರಾಸ್ಟೇಟ್ ಕುಗ್ಗಿಸುವ ಗುಳಿಗೆ, ಒಂದು ವರ್ಷದಿಂದ. ಆ ಜಾತಿ ಗುಳಿಗೆ ಆರು ತಿಂಗಳು, ಒಂದು ವರ್ಷ ತಿಂದ್ರೆ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳೀತದಂತೆ, ಹಾಗಾಗಿ 3.1 ಅನ್ನು 6.2 ಅಂತ ಓದ್ಬೇಕು! ಫಿನಾಸ್ಟರೈಡ್‌ಗೂ ಇದೇ ಲೆಕ್ಕ, ಕೂದ್ಲು ಉದುರುದಕ್ಕೆ ತಗೊಳ್ಳುವವರೂ ಹೇಳಿ. ಮೂತ್ರ ಸಲೀಸಾಗಿ ಹೋಗ್ಲಿಕ್ಕೆ ಕೊಡುವ ಟಾಮ್ಸುಲೋಸಿನ್ ಪಿಎಸ್‌ಎಯನ್ನು ಹಾಗೆ ಇಳಿಸುದಿಲ್ಲ, ಅದ್ರಲ್ಲಿ ಪಕ್ಕನೆ ಎದ್ರೆ ತಲೆ ತಿರುಗುದು ಉಂಟು. ಮಾವನಿಗೆ ಎಂಆರ್‌ಐ ಮಾಡ್ಸಿದ್ರು, ಎಂತದೂ ಸಿಕ್ಕಿಲ್ಲ, ದೇವರು ದೊಡ್ಡವ. ಅಂದ್ರೂ ಸ್ಟ್ರಿಪ್ ತಕೊಂಡು ಹೋಗದಿದ್ರೆ ಯಾರಿಗೆ ಗೊತ್ತಾಗ್ತಿತ್ತು?

ಡಾಕ್ಟ್ರು ಗುದದ್ವಾರದಲ್ಲಿ ಬೆರಳು ಹಾಕಿ ಪ್ರಾಸ್ಟೇಟ್ ಮುಟ್ಟಿ ನೋಡುದಕ್ಕೆ ನಾಚಿಕೆ ಮಾಡ್ಬೇಡಿ ಮಾರಾಯ್ರೆ, ಅರ್ಧ ನಿಮಿಷದ ಕೆಲ್ಸ, ಬರೀ ಬೆಳೆದದ್ದಾದ್ರೆ ನುಣ್ಣಗೆ ರಬ್ಬರಿನ ಹಾಗೆ ಇರ್ತದೆ, ಕಲ್ಲಿನ ಹಾಗೆ ಗಟ್ಟಿ ಗಂಟು ಸಿಕ್ಕಿದ್ರೆ ಬಯಾಪ್ಸಿ ಹೇಳ್ಬಹುದು. ಅಪ್ಪನಿಗೋ ಅಣ್ಣ ತಮ್ಮನಿಗೋ ಈ ಕ್ಯಾನ್ಸರ್ ಇದ್ರೆ ಅದನ್ನು ಅಡಗಿಸ್ಬೇಡಿ.

ಆಪರೇಷನ್ ಆಯ್ತಲ್ಲ, ಇನ್ನು ಪ್ರಾಸ್ಟೇಟೇ ಇಲ್ಲ ಅಂತ ಹೇಳುವವರು ನಮ್ಮ ಊರಲ್ಲಿ ತುಂಬ ಜನ. ಟಿಯುಆರ್‌ಪಿ, ಅಂದ್ರೆ ಮೂತ್ರದ ದಾರಿಯಿಂದ ಬೆಳೆದದ್ದನ್ನು ಕೆರೆದು ತೆಗೆಯುವ ಆ ಆಪರೇಷನ್, ಅಡಿಕೆ ಸುಲಿಯುದರ ಉಲ್ಟಾ, ಒಳಗಿನದ್ದು ಹೋಗ್ತದೆ, ಸಿಪ್ಪೆ ಅಲ್ಲೇ ಇರ್ತದೆ, ಕ್ಯಾನ್ಸರ್ ಬರುದು ಹೆಚ್ಚಾಗಿ ಆ ಸಿಪ್ಪೆಯಲ್ಲಿ. ತೆಗೆದ ಚೂರುಗಳನ್ನು ಲ್ಯಾಬಿಗೆ ಕಳಿಸ್ತಾರೆ, ಡಿಸ್ಚಾರ್ಜ್ ದಿವ್ಸ ಆ ರಿಪೋರ್ಟ್ ಬಂದಿರುದಿಲ್ಲ, ವಾರ ಬಿಟ್ಟು ಹೋಗಿ ಕೇಳಿ ತಕೊಳ್ಳಿ.