ಒಂದು ಕೆರೆ ಅಲ್ಲ, ಇಡೀ ಸರಣಿ: ನಾವು ಹೂಳು ಎತ್ತಿಸಿದ ಬಗೆ

ಮೂರು ಪಂಚಾಯ್ತಿ, ಇಲಾಖೆಗಳು, ಒಂದು ಕಂಪನಿ, ಜೊತೆಗೆ ರೈತರು. ಇವರನ್ನೆಲ್ಲ ಒಂದೇ ಕೆಲಸಕ್ಕೆ ಸೇರಿಸ್ತೀನಿ ಅಂದಾಗ ನನ್ನ ಜೊತೆಗಾರರೇ ನಂಬಲಿಲ್ಲ. ಮುಳಬಾಗಿಲು ಕಡೆ ನಮ್ಮದು ಕೆರೆ ಸರಣಿ, ಮೇಲಿನ ಕೆರೆ ತುಂಬಿ ಹರಿದ ನೀರು ಕೆಳಗಿನದಕ್ಕೆ ಹೋಗುತ್ತೆ. ಈಗ ಅದರಲ್ಲಿ ನಮ್ಮ ರಾಜ್ಯದೊಳಗಿನ ಮೂರೂ ಕೆರೆಗಳ ಹೂಳು ಎತ್ತಿ ಆಗಿದೆ.

2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತ ಅಂತ ಘೋಷಣೆಯಾದವು. ಅದರ ಹಿಂದಿನ ವರ್ಷವಷ್ಟೇ ನಮ್ಮ ಕೆರೆಗಳು ಕೋಡಿ ಹರಿದಿದ್ದವು. ಈಗ ಮಳೆಯ ರೀತಿಯೇ ಹೀಗೆ. ಬಂದ ನೀರು ನಿಲ್ಲಬೇಕಾದ ಜಾಗದಲ್ಲಿ ಹೂಳು ಕೂತಿತ್ತು.

ಮೊದಲ ಬೇಸಿಗೆ ಕೆಟ್ಟಿತು. ಕಂಪನಿ ಸಮಾಜದ ಕೆಲಸಕ್ಕೆ ಕೊಡೋ ಸಿಎಸ್‌ಆರ್ ದುಡ್ಡು ಮಾರ್ಚ್ ಕೊನೆಗೆ ಬಂತು, ಅನುಮತಿ ಪತ್ರ ಮೇ ತಿಂಗಳಿಗೆ. ಹೂಳು ಅಗೆಯೋ ಹಿಟಾಚಿ ಯಂತ್ರ ಇಳಿದ ವಾರಕ್ಕೇ ಮಳೆ. ಗಾಡಿ ಕೆಸರಲ್ಲಿ ಹೂತು ನಿಂತರೂ ಬಾಡಿಗೆ ಓಡುತ್ತಲೇ ಇತ್ತು. ಒಂದೂವರೆ ಲಕ್ಷದಷ್ಟು ಸುಮ್ನೆ ಹೋಯಿತು.

ಮರುವರ್ಷ ಡಿಸೆಂಬರ್‌ನಲ್ಲೇ ಗ್ರಾಮಸಭೆ ಠರಾವು ಮಾಡಿಸಿದೆವು. ಮೊದಲು ಹೋಗಿದ್ದು ಕೆಳಗಿನ ಕೆರೆಯ ಊರಿಗೆ. ಮೇಲಿನವರು ಆಳ ಮಾಡಿಕೊಂಡರೆ ತಮಗೆ ನೀರು ಬರಲ್ಲ ಅನ್ನೋ ಭಯ ಅವರದು. ಅದಕ್ಕೆ ಮೂರೂ ಪಂಚಾಯ್ತಿ ಅಧ್ಯಕ್ಷರನ್ನು ನಿಲ್ಲಿಸಿಕೊಂಡು ಕೋಡಿ ಕಲ್ಲಿಗೆ ಕೆಂಪು ಗೆರೆ ಬಳಿಸಿದೆವು. ಕೋಡಿ ಮಟ್ಟ ಒಂದಂಗುಲವೂ ಏರಬಾರದು. ಹೂಳೆತ್ತೋದನ್ನೂ ಕೆಳಗಿನ ಕೆರೆಯಿಂದಲೇ ಶುರು ಮಾಡಿದೆವು. ಅಲ್ಲಿಗೆ ಜಗಳ ನಿಂತಿತು.

ದುಡ್ಡಿನ ಲೆಕ್ಕ ಹೀಗೆ. ಹಿಟಾಚಿ ಗಂಟೆಗೆ ಎರಡು ಸಾವಿರದ ಆಸುಪಾಸು, ಅದು ಕಂಪನಿಯ ಖರ್ಚು. ಹೂಳು ಪುಕ್ಕಟೆ, ಸಾಗಣೆ ರೈತರದು, ಟ್ರ್ಯಾಕ್ಟರ್ ಲೋಡಿಗೆ ಸುಮಾರು 400. ಉದ್ಯೋಗ ಖಾತ್ರಿಯ ನರೇಗಾದಲ್ಲಿ ಕೂಲಿಯವರ ಕೆಲಸ ಕಸಿಯೋ ಯಂತ್ರಕ್ಕೆ ಅವಕಾಶವಿರಲಿಲ್ಲ, ಆದ್ದರಿಂದ ಕೆರೆಗೆ ನೀರು ತರೋ ರಾಜಕಾಲುವೆಯ ಜಾಲಿ ಕಡಿಯೋ ಕೆಲಸ ಆ ಕೂಲಿಗೆ. ಅರಣ್ಯ ಇಲಾಖೆಯಿಂದ ಹೊಂಗೆ, ಬೇವಿನ ಸಸಿ. ಟ್ರ್ಯಾಕ್ಟರ್‌ನವರನ್ನೆಲ್ಲ ಒಂದೇ ರೇಟಿಗೆ ಒಪ್ಪಿಸಿದ್ದು ಹೇಗೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯಲ್ಲ. ಮುಂದಿನ ಬೇಸಿಗೆಗೂ ನನಗೆ ಅದು ಬೇಕು.

ಏರಿಯ ಹತ್ತಿರದ ಕಪ್ಪು ಜಿಗುಟು ಹೂಳಿಗೆ ನೂಕುನುಗ್ಗಲು. ನೀರು ಒಳಗೆ ಬರೋ ಕಡೆಯದು ಬರೀ ಮರಳು, ಯಾರೂ ಮುಟ್ಟಲಿಲ್ಲ. ಅದನ್ನು ಏರಿ ಮೇಲಿನ ದಾರಿಗೆ ಹಾಕಿಸಿದೆವು. ಹೂಳು ಯಾವ ಬೆಳೆಗೆ ಒಗ್ಗುತ್ತೆ ಅಂತ ಒಬ್ಬ ರೈತರ ಜೊತೆ ನೋಡಿದೆವು. ಹಿಪ್ಪುನೇರಳೆಗೆ ಎಕರೆಗೆ ಇಪ್ಪತ್ತು ಲೋಡಿನಷ್ಟು ಹಾಕಿದಲ್ಲಿ ಎಲೆ ಚೆನ್ನಾಗಿ ಬಂತು. ಟೊಮೆಟೊಗೆ ಅಷ್ಟೇ ಹಾಕಿದರೆ ನೀರು ಇಂಗದೆ ಬೇರು ಕೊಳೆಯಿತು. ಟೊಮೆಟೊಗೆ ಜಾಸ್ತಿ ಹಾಕಬೇಡಿ.

ಹೋದ ಫೆಬ್ರವರಿಯಲ್ಲೂ ಕೆಳಗಿನ ಕೆರೆಯಲ್ಲಿ ಮೊಣಕಾಲುದ್ದ ನೀರಿತ್ತು. ನಂಬದಿದ್ದವರೇ ಬಂದು ನೋಡಿಕೊಂಡು ಹೋದರು. ಸರಣಿಯ ನಾಲ್ಕನೇ ಕೆರೆ ಗಡಿಯಾಚೆ ಆಂಧ್ರದ್ದು. ಅಲ್ಲಿನ ಸರಪಂಚರ ಜೊತೆ ತೆಲುಗಲ್ಲೇ ಮಾತು ನಡೆದಿದೆ. ಡಿಸೆಂಬರ್ ಒಳಗೆ ಅವರ ಠರಾವು ಕೈಗೆ ಬಂದರೆ ಹಿಟಾಚಿಗೆ ಮುಂಗಡ ಕೊಡುತ್ತೇನೆ.