ನಮ್ಮ ತೋಟದ ಮಂಜು, ಸಿಮ್ಯುಲೇಟರ್ ಒಳಗೆ

ಬೆಂಗಳೂರಿನ ಒಂದು ಕಂಪನಿಯಲ್ಲಿ ಸೇನೆಯ ಹೆಲಿಕಾಪ್ಟರ್ ಪೈಲಟ್‌ಗಳ ತರಬೇತಿಗೆ ಸಿಮ್ಯುಲೇಟರ್ ಮಾಡುತ್ತಿದ್ದೆವು. ನನ್ನ ಪಾಲಿನದ್ದು ಕಿಟಕಿಯಾಚೆ ಕಾಣುವುದು: ನೆಲ, ಮರ, ಮೋಡ, ಮಂಜು. ಈಗ ಮಾದಾಪುರದ ಹತ್ತಿರ ತೋಟದ ಮನೆಯಲ್ಲಿದ್ದೇನೆ. ನಿಜವಾದ ಹೆಲಿಕಾಪ್ಟರ್‌ನ ಲೆಕ್ಕಗಳು ಆಫೀಸಿನಿಂದ ಹೊರಗೆ ಬರುವಂತಿಲ್ಲ. ಹಾಗಾಗಿ ಮನೆಯಲ್ಲಿರುವುದು ಹಳೇ ಟಿವಿ, ಒಂದು ಸ್ಟಿಕ್ಕು, ಮೇಲೇರಿಸಲು ಇಳಿಸಲು ಕಲೆಕ್ಟಿವ್ ಅನ್ನುವ ಹಿಡಿ, ಪೆಡಲ್, ನಾನೇ ಬರೆದ ಪ್ರೋಗ್ರಾಂ.

ಪರೀಕ್ಷೆ ಮಾಡುವವರಿಗೇನೂ ಬರವಿಲ್ಲ, ಇದು ಕೊಡಗು ಅಲ್ವಾ. ಪಕ್ಕದ ತೋಟದ ಅಂಕಲ್ ಸೇನೆಯಲ್ಲಿ ಚೀತಾ ಹೆಲಿಕಾಪ್ಟರ್ ಹಾರಿಸಿ ನಿವೃತ್ತರಾದವರು. ಮೊದಲ ದಿನ ಕೂತು ಎರಡು ನಿಮಿಷ ಆಗಿಲ್ಲ, ಹೆಲಿಕಾಪ್ಟರ್ ತೊಟ್ಟಿಲಿನ ಹಾಗೆ ತೂಗಾಡತೊಡಗಿತು.

"ಇದು ನಾನು ಹೇಳಿದ ಮೇಲೆ ಯೋಚನೆ ಮಾಡ್ತದಲ್ಲ ಮಾರಾಯ" ಅಂದರು.

ಚಿತ್ರ ತಡವಾದರೆ ಪೈಲಟ್ ಕೈ ಜಾಸ್ತಿ ತಿರುಗಿಸುತ್ತದೆ. ಆಮೇಲೆ ಅದನ್ನು ತಿದ್ದಲು ಹೋಗಿ ಇನ್ನೂ ಜಾಸ್ತಿ. ಪರದೆಗೆ ಬೆಳಕಿನ ಸೆನ್ಸರ್ ಅಂಟಿಸಿ, ಸ್ಟಿಕ್ಕಿನಿಂದ ಇನ್ನೊಂದು ವೈರ್ ಎಳೆದು, ಎರಡನ್ನೂ ಆಸಿಲೋಸ್ಕೋಪಿಗೆ ಕೊಟ್ಟು ತಡ ಎಷ್ಟೆಂದು ಅಳೆದೆ. 190 ಮಿಲಿಸೆಕೆಂಡ್! ಅಮೆರಿಕದ ನಿಯಮದಲ್ಲಿ ಮೇಲಿನ ದರ್ಜೆಯ ಹೆಲಿಕಾಪ್ಟರ್ ಸಿಮ್ಯುಲೇಟರ್‌ಗೆ 100 ದಾಟುವಂತಿಲ್ಲ. ದೊಡ್ಡ ಕಳ್ಳ ಟಿವಿಯೇ. ಚಿತ್ರ ಚೆಂದ ಮಾಡುತ್ತೇನೆ ಅಂತ 60 ನುಂಗುತ್ತಿತ್ತು. ಆ ಅಲಂಕಾರ ಬಿಡುವ ಗೇಮ್ ಮೋಡ್‌ಗೆ ಹಾಕಿದೆ. ಗ್ರಾಫಿಕ್ಸ್ ಕಾರ್ಡ್ ಮೂರು ಚಿತ್ರಗಳನ್ನು ಸಾಲಿನಲ್ಲಿ ನಿಲ್ಲಿಸಿಕೊಳ್ಳುತ್ತಿತ್ತು, ಒಂದಕ್ಕೆ ಇಳಿಸಿದೆ. ಸೆಕೆಂಡಿಗೆ 60 ಚಿತ್ರ ಅಂದರೆ ಒಂದಕ್ಕೆ ಸುಮಾರು 17 ಮಿಲಿಸೆಕೆಂಡ್, ಅಲ್ಲಿ ಇನ್ನೊಂದು 33 ಉಳಿತಾಯವಾಯಿತು. ತೂಗಾಟ ನಿಂತಿತು.

ಆಮೇಲೆ ನೆಲದ ತಕರಾರು. ಹಸಿರು ಚಾಪೆ ಹಾಸಿದ ಹಾಗಿದ್ದ ನೆಲದ ಮೇಲೆ ಹತ್ತು ಅಡಿಯೋ ಐವತ್ತು ಅಡಿಯೋ ಅವರಿಗೆ ತಿಳಿಯುತ್ತಿರಲಿಲ್ಲ. ಆಳೆತ್ತರದ ಕಾಫಿ ಗಿಡ ನೆಟ್ಟ ಮೇಲೆ ಸರಿಹೋಯಿತು.

ಮಂಜು ಮಾತ್ರ ನನ್ನ ಸೊಕ್ಕು ಇಳಿಸಿತು. ಹುಟ್ಟಿದಾಗಿನಿಂದ ನೋಡಿದ್ದೇನಲ್ಲ ಅಂದುಕೊಂಡಿದ್ದೆ. ಆದರೆ ನನ್ನ ಪ್ರೋಗ್ರಾಂನಲ್ಲಿದ್ದದ್ದು ಎಲ್ಲರೂ ಬಳಸುವ ಸುಲಭದ ಲೆಕ್ಕ: ದೂರ ಹೆಚ್ಚಿದಷ್ಟೂ ಬಿಳಿ ಹೆಚ್ಚು. ಎಲ್ಲಾ ದಿಕ್ಕಿಗೂ ಒಂದೇ. "ಇದು ಮಂಜಲ್ಲ, ಸೊಳ್ಳೆ ಪರದೆ" ಅಂತ ಅಂಕಲ್ ಬೆಳಿಗ್ಗೆ ಆರಕ್ಕೆ ನನ್ನನ್ನು ತೋಟದ ಅಂಚಿಗೆ ಎಳೆದುಕೊಂಡು ಹೋದರು. ಹಟ್ಟಿಹೊಳೆ ಕಡೆಯ ಕಣಿವೆಯಲ್ಲಿ ಮಂಜು ತೆಳ್ಳಗೆ ಹಾಸಿತ್ತು. ದರೆಯ ಅಂಚಿನಿಂದ ನೇರ ಕೆಳಗೆ ಬಗ್ಗಿದರೆ ಗದ್ದೆ ಬದು ಕಾಣುತ್ತದೆ. ಅದೇ ಗದ್ದೆಯ ಆಚೆ ತುದಿ ಇಲ್ಲವೇ ಇಲ್ಲ.

"ಮೇಲಿಂದ ಜಾಗ ಕಾಣ್ತದೆ ಅಂತ ಇಳಿಸ್ಲಿಕ್ಕೆ ಹೋಗ್ತೀಯ. ಓರೆಯಲ್ಲಿ ಬರುವಾಗ ಮಾಯ. ಸಾಯುದು ಅಲ್ಲೇ."

ಮನೆಗೆ ಬಂದು ಕಾಗದದ ಮೇಲೆ ಹಾಕಿದೆ. ಪದರ 30 ಮೀಟರ್ ದಪ್ಪ ಇದ್ದರೆ ನೇರ ಕೆಳಗೆ ನೋಡುವ ಕಣ್ಣು ದಾಟಬೇಕಾದ ಮಂಜು 30 ಮೀಟರ್. 5 ಡಿಗ್ರಿ ಓರೆಯಲ್ಲಿ ನೋಡಿದರೆ ಸುಮಾರು 340 ಮೀಟರ್! ಮಂಜಿನೊಳಗೆ 200 ಮೀಟರ್ ಮಾತ್ರ ಕಾಣುವಂತಿದ್ದರೆ ಮೇಲಿಂದ ಎಲ್ಲಾ ಸರಿ, ಇಳಿಯುವಾಗ ಕುರುಡು. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜಾರಿದಾಗ ಈ ಕಡೆ ಹೆಲಿಕಾಪ್ಟರ್‌ಗಳಿಗೆ ಹವೆ ಅಡ್ಡ ಬಂದದ್ದು ಆಗ ನೆನಪಾಯಿತು.

ದೂರದ ಲೆಕ್ಕ ಬಿಟ್ಟು, ದೃಷ್ಟಿಯ ಗೆರೆ ಎಷ್ಟು ಮಂಜನ್ನು ಹಾಯುತ್ತದೆ ಅಂತ ಪರದೆಯ ಪ್ರತಿ ಚುಕ್ಕೆಗೂ ಕೂಡಿಸುವ ಹಾಗೆ ಬರೆದೆ. ಎತ್ತರಕ್ಕೆ ತಕ್ಕ ದಟ್ಟಣೆ ಕೊಟ್ಟೆ. ಎರಡು ವಾರ ಹಿಡಿಯಿತು, ಮಳೆಗಾಲದ ಕರೆಂಟಿನ ದೆಸೆಯಿಂದ ಅರ್ಧ ಕೆಲಸ ಯುಪಿಎಸ್ ಮೇಲೆ. ನೋಡಲು ಮೊದಲಿನಷ್ಟು ಚೆಂದ ಇಲ್ಲ. ಡೆಮೊ ನೋಡಲು ಬರುವವರಿಗೆ ಸೂರ್ಯಾಸ್ತವೇ ಇಷ್ಟ, ಬಿಡಿ.

ಅಂಕಲ್ ಮತ್ತೆ ಬಂದು ಕೂತರು. ಮೈದಾನ ಕಂಡಿತು, ಸುತ್ತು ಹೊಡೆದು ಇಳಿಸಲು ಬಂದರು. ಅರ್ಧ ದಾರಿಯಲ್ಲಿ ಮೈದಾನ ಹೋಯಿತು. ಅವರು ಮಾತಾಡಲಿಲ್ಲ. ಕಲೆಕ್ಟಿವ್ ಎಳೆದು, ಮೇಲಕ್ಕೆದ್ದು, ಬೇರೆ ಜಾಗ ಹುಡುಕಿಕೊಂಡು ಹೊರಟರು. ನನ್ನ ಸೆಟ್ಟಿನಲ್ಲಿ ಅವರು ಇಳಿಸದೆ ವಾಪಸ್ ಹೋದದ್ದು ಅದೇ ಮೊದಲು.